ಶಾಯಿಯ ಬದಲಾವಣೆ

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯನ್ನಾಗಲಿ, ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯ ಆನೆಗಳ ಸಾಲನ್ನಾಗಲಿ ಬಿಳಿಯ ಪಿಂಗಾಣಿ ಬಟ್ಟಲಿನ ಮೇಲೆ ಅಚ್ಚೊತ್ತಿಸಿ ನೆನಪಿಗಾಗಿ ಇಟ್ಟುಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಮೇಜಿನ ಮೇಲಿಡಬಹುದಾದ ಒಂದು ಪ್ರಿಂಟರ್, ಕಾಯಿಸಿ ಒತ್ತುವ ಒಂದು ಯಂತ್ರ, ನಾಲ್ಕು ಬಣ್ಣದ ಶಾಯಿ, ಇವಿಷ್ಟಿದ್ದರೆ ಈ ಉದ್ಯಮವನ್ನು ಮನೆಯಲ್ಲಿಯೇ ನಡೆಸಬಹುದು. ಅರಸೀಕೆರೆಯಲ್ಲಿ ನಾನು ಬಲ್ಲ ಹೆಣ್ಣುಮಗಳೊಬ್ಬಳು ಸಾಲ ಮಾಡಿ ಹೀಗೆಯೇ ಆರಂಭಿಸಿದಳು. ಅವಳ ಪ್ರಿಂಟರಿನಲ್ಲಿ ಮೊದಲಿನಿಂದಲೂ ಕಾಗದಕ್ಕೆ ತಕ್ಕ ಸಾಧಾರಣ ಶಾಯಿಯಿತ್ತು. ಅದು ಅರ್ಧಕ್ಕೆ ಇಳಿದಾಗ, ದೀಪಕ್ಕೆ ಎಣ್ಣೆ ಹೊಯ್ಯುವಂತೆ, ಅದರ ಮೇಲೆಯೇ ಹೊಸ ಸಬ್ಲಿಮೇಷನ್ ಶಾಯಿಯನ್ನು ಹೊಯ್ದಳು. ಒಂದು ವಾರದೊಳಗೆ ಯಂತ್ರವು ನಿಂತುಹೋಯಿತು. ಮದುವೆಯ ಮನೆಗೆ ಒಪ್ಪಿಕೊಂಡಿದ್ದ ಬಟ್ಟಲುಗಳ ಕೆಲಸವೂ ಕೈತಪ್ಪಿತು. ಹೀಗೇಕಾಯಿತೆಂದು ಅವಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಅಚ್ಚಿನ ಕ್ರಮ ಯಾವುದೋ ಅದಕ್ಕೆ ತಕ್ಕ ಶಾಯಿ ಬೇಕೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಮಂಗಳೂರಿನಲ್ಲಿ 1841ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಮುದ್ರಣಾಲಯವು ಮೊದಲು ಕಲ್ಲಚ್ಚಿನಿಂದ ಕೆಲಸ ನಡೆಸಿತು. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ. ಕಲ್ಲಚ್ಚಿನಲ್ಲಿ ಬರೆಹವಿಲ್ಲದ ಭಾಗವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬರೆಹವಿದ್ದ ಭಾಗವು ಜಿಡ್ಡಿನ ಮಸಿಯನ್ನು ಹಿಡಿಯುತ್ತದೆ. ಜಿಡ್ಡಿಲ್ಲದ ಮಸಿಯನ್ನು ಅದಕ್ಕೆ ಸವರಿದ್ದರೆ ಒಂದಕ್ಷರವೂ ನೆಟ್ಟಗೆ ಮೂಡುತ್ತಿರಲಿಲ್ಲ. ಈಗಿನ ಪ್ರಿಂಟರಿನಲ್ಲಿ ಕಲ್ಲೂ ಇಲ್ಲ, ಮೊಳೆಯೂ ಇಲ್ಲ. ಆದರೂ ಶಾಯಿಯ ಹಟವು ಹಾಗೆಯೇ ಉಳಿದಿದೆ.

ಮನೆಯಲ್ಲಿ ಕರ್ಪೂರವನ್ನು ತೆರೆದಿಟ್ಟರೆ ಅದು ಕರಗಿ ನೀರಾಗದೆ ಕ್ರಮೇಣ ಕಿರಿದಾಗಿ ಮಾಯವಾಗುವುದನ್ನು ಎಲ್ಲರೂ ನೋಡಿದ್ದೇವೆ. ಘನಪದಾರ್ಥವು ದ್ರವವಾಗದೆ ನೇರವಾಗಿ ಆವಿಯಾಗುವ ಈ ಕ್ರಿಯೆಗೆ ಉತ್ಪತನವೆಂದು ಹೆಸರು. ಸಬ್ಲಿಮೇಷನ್ ಶಾಯಿಯಲ್ಲಿರುವ ಬಣ್ಣವೂ ಇದೇ ಸ್ವಭಾವದ್ದು. ಆದರೆ ಅದಕ್ಕೆ ಕರ್ಪೂರದಂತೆ ಮನೆಯ ಶಾಖವು ಸಾಲದು, ಸುಮಾರು 180ರಿಂದ 200 ಡಿಗ್ರಿ ಸೆಂಟಿಗ್ರೇಡ್ ಉಷ್ಣ ಬೇಕು. ಚಿತ್ರವನ್ನು ಮೊದಲು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಅಚ್ಚು ಮಾಡಿ, ಆ ಕಾಗದವನ್ನು ಬಟ್ಟಲಿಗೆ ಸುತ್ತಿ ಕಾಯಿಸಿ ಒತ್ತುತ್ತಾರೆ. ಆಗ ಬಣ್ಣವು ಆವಿಯಾಗಿ ಬಟ್ಟಲಿನ ಮೇಲಣ ಪಾಲಿಯೆಸ್ಟರ್ ಲೇಪದೊಳಕ್ಕೆ ಇಳಿಯುತ್ತದೆ. ಕಾದು ಸಡಿಲವಾಗಿದ್ದ ಲೇಪವು ಆರಿದ ಮೇಲೆ ಬಿಗಿದುಕೊಳ್ಳುವುದರಿಂದ ಬಣ್ಣವು ಒಳಗೇ ಸೆರೆಯಾಗುತ್ತದೆ. ಉಜ್ಜಿ ತೊಳೆದರೂ ಸುಲಭವಾಗಿ ಹೋಗದು. ಹತ್ತಿಯ ಬಟ್ಟೆಯಲ್ಲಿ ಈ ಗುಣವಿಲ್ಲ. ಆದಕಾರಣ ಹತ್ತಿಯ ರವಿಕೆಗೆ ಇದರಿಂದ ಅಚ್ಚು ಹಾಕಿಸುವ ಆಸೆಯನ್ನು ಬಿಡುವುದೇ ಲೇಸು.

ಇನ್ನು ಶಾಯಿಗಳ ಭೇದ. ಸಾಧಾರಣ ಶಾಯಿಯಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಬಣ್ಣವು ಸಕ್ಕರೆಯಂತೆ ನೀರಿನಲ್ಲಿ ಕರಗಿರುತ್ತದೆ. ಇನ್ನೊಂದರಲ್ಲಿ ಕರಗದ ಸೂಕ್ಷ್ಮಕಣಗಳಾಗಿ ತೇಲುತ್ತಿರುತ್ತದೆ. ಸಬ್ಲಿಮೇಷನ್ ಶಾಯಿಯೂ ತೇಲುವ ಕಣಗಳದೇ. ಆದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅದರಲ್ಲಿ ಬೆರೆಸಿರುವ ದ್ರವ್ಯವು ಬೇರೆ. ಎರಡು ಶಾಯಿಗಳು ಕೂಡಿದರೆ ಈ ಕಾವಲು ಕೆಡಬಹುದು; ಹಾಲಿಗೆ ಹುಳಿ ಬಿದ್ದಂತೆ ಕಣಗಳು ಗಂಟುಗಟ್ಟುತ್ತವೆ. ಶಾಯಿಯನ್ನು ಚಿಮ್ಮಿಸುವ ಭಾಗವನ್ನು ವೃತ್ತಿಯವರು 'ಹೆಡ್' ಎನ್ನುತ್ತಾರೆ. ಅದರ ರಂಧ್ರಗಳು ತಲೆಗೂದಲಿಗಿಂತಲೂ ಸಣ್ಣವು. ಅಲ್ಲಿ ಗಂಟು ಸಿಕ್ಕಿಕೊಂಡರೆ ಹೊರಬರುವುದು ಕಷ್ಟ. ಗಂಟುಗಟ್ಟದಿದ್ದರೂ ನಷ್ಟ ತಪ್ಪಿದ್ದಲ್ಲ: ಬೆರಕೆಯಲ್ಲಿರುವ ಹಳೆಯ ಶಾಯಿಯು ಆವಿಯಾಗದೆ ಕಾಗದದಲ್ಲಿಯೇ ನಿಲ್ಲುವುದರಿಂದ ಬಟ್ಟಲಿನ ಮೇಲೆ ಚಿತ್ರವು ಮಂಕಾಗುತ್ತದೆ.

ಹಾಗಾದರೆ ಬದಲಾಯಿಸಲೇಬೇಕಾದವರು ಮಾಡತಕ್ಕದ್ದೇನು? ಮೊದಲು ಯಂತ್ರದ ಜಾತಿಯನ್ನು ತಿಳಿಯಬೇಕು. ಕೆಲವು ಹೆಡ್‌ಗಳು ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆಯೆಬ್ಬಿಸಿ ಹನಿಯನ್ನು ತಳ್ಳುತ್ತವೆ. ಇವು ಈ ಕೆಲಸಕ್ಕೆ ಒಗ್ಗುವುದಿಲ್ಲ. ವಿದ್ಯುತ್ತು ಸೋಕಿದಾಗ ಆಕಾರ ಬದಲಿಸುವ ಪದಾರ್ಥದಿಂದ ಹನಿಯನ್ನು ಚಿಮ್ಮಿಸುವ ಪೀಜೋ ಹೆಡ್ಡೇ ತಕ್ಕದ್ದು. ತರುವಾಯ 'ನಾಜಲ್ ಚೆಕ್' ಎಂಬ ಗೆರೆಗಳ ಅಚ್ಚನ್ನು ತೆಗೆದು ನೋಡಬೇಕು. ಮೊದಲೇ ಗೆರೆಗಳು ತುಂಡಾಗಿದ್ದರೆ ಹೊಸ ಶಾಯಿಯು ಅದನ್ನು ಗುಣಪಡಿಸದು.

ಅನಂತರ ತೊಟ್ಟಿಗಳಲ್ಲಿರುವ ಹಳೆಯ ಶಾಯಿಯನ್ನು ಪೂರ್ತಿ ಹೊರತೆಗೆದು, ಇದಕ್ಕೆಂದೇ ಮಾರುವ ಶುದ್ಧೀಕರಣದ ದ್ರವವನ್ನು ತುಂಬಿ, ಅದು ಸಣ್ಣ ಕೊಳವೆಗಳ ಮೂಲಕ ಹೆಡ್‌ವರೆಗೆ ಹರಿಯುವಂತೆ ಮಾಡಬೇಕು. ಅಚ್ಚಾದ ಕಾಗದದಲ್ಲಿ ಬಣ್ಣದ ಸುಳಿವೂ ಕಾಣದಿರುವತನಕ ಇದನ್ನು ಬಿಡಕೂಡದು. ತೊಟ್ಟಿ ತೊಳೆದರಾಯಿತೆಂದು ಹಲವರು ಭಾವಿಸುತ್ತಾರೆ. ಕೊಳವೆಗಳಲ್ಲಿ ಉಳಿದ ಶಾಯಿಯೇ ನಿಜವಾದ ಶತ್ರು. ನಮ್ಮ ಬಾವಿಯ ಗಡಸು ನೀರನ್ನಂತೂ ಇದಕ್ಕೆ ಬಳಸಲೇಬಾರದು, ಅದರ ಲವಣಗಳೇ ಕಣಗಳನ್ನು ಕೂಡಿಸಬಲ್ಲವು. ಹೀಗೆ ತೊಳೆದ ದ್ರವವೆಲ್ಲವೂ ಯಂತ್ರದ ತಳದಲ್ಲಿರುವ ಹೀರುವ ಮೆತ್ತೆಗೆ ಸೇರುವುದರಿಂದ, ಅದು ತುಂಬಿದ್ದರೆ ಬದಲಾಯಿಸಬೇಕಾಗುತ್ತದೆ.

ಹೊಸ ಶಾಯಿಯನ್ನು ತುಂಬಿದೊಡನೆ ಕಾಗದದ ಮೇಲೆ ಬಣ್ಣಗಳು ಮಸುಕಾಗಿ ಕಾಣುತ್ತವೆ. ಇದಕ್ಕೆ ಗಾಬರಿಯಾಗಬೇಕಾದದ್ದಿಲ್ಲ; ಬಿಸಿ ತಾಗಿದ ಮೇಲೆಯೇ ಅವು ಅರಳುತ್ತವೆ. ಬಣ್ಣಗಳ ಲೆಕ್ಕವನ್ನು ಹಿಡಿಯುವ ಐಸಿಸಿ ಪ್ರೊಫೈಲನ್ನು ಮಾತ್ರ ಹೊಸ ಶಾಯಿಗೆ ತಕ್ಕಂತೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಬಳಪದ ಕಲ್ಲಿನ ಬೂದುಬಣ್ಣವು ಹಸಿರಿಗೋ ಕೆಂಪಿಗೋ ತಿರುಗಬಹುದು.

ಒಂದು ತಯಾರಕರ ಸಬ್ಲಿಮೇಷನ್ ಶಾಯಿಯಿಂದ ಇನ್ನೊಬ್ಬರದಕ್ಕೆ ಹೋಗುವಾಗಲೂ ಎಚ್ಚರ ಬೇಕು. ಎರಡರ ಕೆಲವು ಹನಿಗಳನ್ನು ಗಾಜಿನ ಲೋಟದಲ್ಲಿ ಬೆರೆಸಿ ರಾತ್ರಿಯೆಲ್ಲ ಇಟ್ಟು, ಬೆಳಗ್ಗೆ ತಳದಲ್ಲಿ ಚರಟವೇನಾದರೂ ಕುಳಿತಿದೆಯೇ ಎಂದು ನೋಡಬಹುದು. ಚರಟವಿದ್ದರೆ ಕೂಡಿಸಲೇಬಾರದು, ಇಲ್ಲದಿದ್ದರೂ ಯಂತ್ರವನ್ನು ತೊಳೆದೇ ತುಂಬುವುದು ಕ್ಷೇಮ. ಕಡಿಮೆ ಬೆಲೆಯೊಂದನ್ನೇ ನೋಡಿ ಪದೇ ಪದೇ ಶಾಯಿ ಬದಲಾಯಿಸುವುದು ನನ್ನ ಅಭಿಪ್ರಾಯದಲ್ಲಿ ಉಳಿತಾಯವೇ ಅಲ್ಲ.

ಆ ಹೆಣ್ಣುಮಗಳ ಹಳೆಯ ಯಂತ್ರವು ಎಷ್ಟು ತೊಳೆದರೂ ಸರಿಹೋಗಲಿಲ್ಲ. ಹೆಡ್ಡಿನ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುವಂತಿತ್ತು. ಅವಳು ಇನ್ನೊಂದನ್ನು ಕೊಂಡು, ಅದಕ್ಕೆ ಮೊದಲ ದಿನದಿಂದಲೇ ಸಬ್ಲಿಮೇಷನ್ ಶಾಯಿಯನ್ನು ಮಾತ್ರ ತುಂಬಿದಳು. ಶಾಲೆಯ ಅರ್ಜಿಗಳನ್ನೂ ಬಿಲ್ಲುಗಳನ್ನೂ ಈಗ ಅವಳು ಪಕ್ಕದ ಅಂಗಡಿಯಲ್ಲಿಯೇ ಅಚ್ಚು ಮಾಡಿಸುತ್ತಾಳೆ.