ಸಭೆ ನಡೆಸಲು ಕಲಿಸಿದ ಕಾಲೇಜುಗಳು

ಕಾಲೇಜಿನ ಸಾಹಿತ್ಯ ಸಂಘಕ್ಕೋ ಚರ್ಚಾಕೂಟಕ್ಕೋ ಒಂದು ನಡಾವಳಿ ಪುಸ್ತಕ ಇರುತ್ತದೆ. ದಪ್ಪ ರಟ್ಟಿನ ಉದ್ದನೆಯ ನೋಟ್‌ಬುಕ್ಕು. ತಾರೀಖು, ಹಾಜರಿದ್ದವರ ಸಹಿ, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸಿದ ಸಾಲು, ಸೂಚಕರು, ಅನುಮೋದಕರು, ಠರಾವು. ಕೊನೆಯ ಪುಟಗಳಲ್ಲಿ ಮೈಕ್ ಬಾಡಿಗೆ, ಬ್ಯಾನರು, ಚಹಾ, ಮಂಡಕ್ಕಿಯ ಲೆಕ್ಕ. ಹತ್ತೊಂಬತ್ತು ವರ್ಷದ ಕಾರ್ಯದರ್ಶಿ ಇದನ್ನು ಬರೆದು ಅಧ್ಯಕ್ಷೆಯಿಂದ ಸಹಿ ಹಾಕಿಸುತ್ತಾಳೆ. ಗ್ರಾಮ ಪಂಚಾಯಿತಿಯ ಸಭೆಯೂ ನಡೆಯುವುದು ಇದೇ ಕ್ರಮದಲ್ಲಿ, ದಾಖಲಾಗುವುದೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಓದುಗರಿಗೆ ಹೆಣ್ಣುಮಕ್ಕಳ ಕಾಲೇಜುಗಳ ಸಂಘಗಳನ್ನು ಪರಿಚಯಿಸಬೇಕು ಎನಿಸಿದ್ದು ಈ ಕಾರಣಕ್ಕೇ.

ಕರ್ನಾಟಕದಲ್ಲಿ ಈ ಪರಂಪರೆಯನ್ನು ಗಟ್ಟಿಗೊಳಿಸಿದವರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ಮುಖ್ಯರು. ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿನಲ್ಲಿ ಸೇಂಟ್ ಆ್ಯಗ್ನೆಸ್ ಕಾಲೇಜು ತೆರೆದದ್ದು 1921ರಲ್ಲಿ. ಸೇಂಟ್ ತೆರೇಸಾ ಕಾರ್ಮೆಲ್ ಭಗಿನಿಯರು 1944ರಲ್ಲಿ ತ್ರಿಶೂರಿನಲ್ಲಿ ಆರಂಭಿಸಿದ್ದ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿ ಬೆಂಗಳೂರಿಗೆ ಬಂದು ಅರಮನೆ ರಸ್ತೆಯಲ್ಲಿ ಬೇರೂರಿತು. ಪಾಠದ ಜೊತೆಗೆ ಚರ್ಚೆ, ನಾಟಕ, ಸಂಗೀತ, ಸಮಾಜಸೇವೆ ಇಂಥ ಕಾಲೇಜುಗಳ ನಿತ್ಯದ ಬದುಕಿಗೆ ಸೇರಿಕೊಂಡವು. ಮೌಂಟ್ ಕಾರ್ಮೆಲ್‌ನ ‘ಕಲ್ಆ’ ಉತ್ಸವ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರಿಗೆಲ್ಲ ಗೊತ್ತಿರುವ ಹೆಸರು.

ಹೆಣ್ಣುಮಕ್ಕಳೇ ಇರುವ ಕಾಲೇಜಿನಲ್ಲಿ ಪ್ರತಿ ಹುದ್ದೆಯಲ್ಲೂ ಹೆಣ್ಣುಮಗಳೇ ಇರಬೇಕಾಗುತ್ತದೆ. ಅಧ್ಯಕ್ಷೆ ಅವಳೇ, ಖಜಾಂಚಿ ಅವಳೇ, ಧ್ವನಿವರ್ಧಕದ ವೈರು ಎಳೆಯುವವಳೂ ಅವಳೇ. ಸಹಶಿಕ್ಷಣದ ಅನೇಕ ಕಾಲೇಜುಗಳಲ್ಲಿ ಹುಡುಗ ಅಧ್ಯಕ್ಷನಾಗಿ, ಹುಡುಗಿ ಪ್ರಾರ್ಥನೆಗೆ, ರಂಗೋಲಿಗೆ, ಅತಿಥಿಗಳಿಗೆ ಹೂಗುಚ್ಛ ಕೊಡುವುದಕ್ಕೆ ಮೀಸಲಾಗುವುದನ್ನು ನಾವೆಲ್ಲ ನೋಡಿದ್ದೇವೆ. ಸಂಘವೊಂದು ನಿಜಕ್ಕೂ ಏನು ಕಲಿಸುತ್ತದೆ ಎಂಬುದು ಯಾರ ಕೈಗೆ ಯಾವ ಕೆಲಸ ಕೊಟ್ಟರು ಎಂಬುದರಲ್ಲಿಯೇ ತೀರ್ಮಾನವಾಗುತ್ತದೆ.

ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಬಿ.ಎ. ಓದಿದ್ದು ಮೌಂಟ್ ಕಾರ್ಮೆಲ್‌ನಲ್ಲಿ, ಕಾನೂನು ಓದಿದ್ದು ಬೆಂಗಳೂರಿನ ಸರ್ಕಾರಿ ಲಾ ಕಾಲೇಜಿನಲ್ಲಿ. ಓದುವ ದಿನಗಳಲ್ಲಿ ಅವರು ಹೆಸರಾಂತ ಚರ್ಚಾಪಟು. 1974ರಲ್ಲಿ ರಾಜ್ಯಸಭೆಗೆ ಹೋದರು, ಮುಂದೆ ಕೇಂದ್ರದಲ್ಲಿ ಸಚಿವೆಯಾದರು. ಮಹಿಳೆಯರಿಗಾಗಿ ರಾಷ್ಟ್ರೀಯ ಮುನ್ನೋಟ ಯೋಜನೆ 1988ರಲ್ಲಿ ಸಿದ್ಧವಾದದ್ದು ಅವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಹೊಣೆ ಹೊತ್ತಿದ್ದ ಕಾಲದಲ್ಲಿ. ಸ್ಥಳೀಯ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳಿಗೆ ಶೇ 30ರಷ್ಟು ಸ್ಥಾನ ಮೀಸಲಿಡಬೇಕು ಎಂದು ಅದು ಶಿಫಾರಸು ಮಾಡಿತು. 1993ರಲ್ಲಿ ಜಾರಿಯಾದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಕೊಟ್ಟಿತು. ಕರ್ನಾಟಕವಂತೂ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಶೇ 25ರಷ್ಟು ಮೀಸಲು ಕೊಟ್ಟು ದಾರಿ ತೋರಿಸಿತ್ತು. 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಇವತ್ತು ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಲ್ಲಿ ಪಂಚಾಯಿತಿಯ ಕುರ್ಚಿಯಲ್ಲಿ ಕೂರುವ ಹೆಣ್ಣುಮಗಳಿಗೆ ಸ್ಥಾನ ಕಾನೂನಿನಿಂದ ಬಂದಿದೆ. ಸಭೆ ನಡೆಸುವ ಅಭ್ಯಾಸ ಮಾತ್ರ ಎಲ್ಲೋ ಮೊದಲೇ ಆಗಿರಬೇಕು. ಗಂಡನೋ ಮೈದುನನೋ ಪಕ್ಕದಲ್ಲಿ ಕೂತು ಉತ್ತರ ಹೇಳುವ ರೂಢಿ ಕಾನೂನಿನಿಂದಷ್ಟೇ ಹೋಗುವುದಿಲ್ಲ.

ಸಂಘಗಳಲ್ಲಿ ಬಗೆಗಳಿವೆ. 1924ರಲ್ಲಿ ಹುಟ್ಟಿದ ಅಖಿಲ ಭಾರತ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಒಕ್ಕೂಟ, ಅಂದರೆ ಐಕಫ್, ಕ್ರೈಸ್ತ ಕಾಲೇಜುಗಳಲ್ಲಿ ಪರಿಚಿತ. ರಾಷ್ಟ್ರೀಯ ಸೇವಾ ಯೋಜನೆ ಎಲ್ಲ ಕಡೆಯೂ ಇದೆ. ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಅದು ಶುರುವಾಯಿತು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ದತ್ತು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಮನೆಯವರನ್ನು ಬಿಟ್ಟು ಒಂದು ರಾತ್ರಿಯೂ ಹೊರಗೆ ಇದ್ದಿರದ ಹುಡುಗಿಗೆ ಆ ಏಳು ದಿನ ಬಹಳ ದೊಡ್ಡದು. ಊರವರ ಮುಂದೆ ನಿಂತು ಮಾತಾಡಬೇಕು, ಐವತ್ತು ಜನರ ಅಡುಗೆಗೆ ಅಕ್ಕಿ ಬೇಳೆ ಅಳೆಯಬೇಕು, ಯಾರು ಯಾವ ಓಣಿಗೆ ಹೋಗಬೇಕೆಂದು ಹಂಚಬೇಕು.

ಕನ್ನಡ ಸಂಘದ ಮಾತು ಬಂದರೆ ಬೆಂಗಳೂರಿನ ಕ್ರೈಸ್ಟ್ ಕಾಲೇಜನ್ನು ನೆನೆಯದೆ ಇರಲಾಗದು. ಅದೂ ಕ್ಯಾಥೊಲಿಕ್ ಸಂಸ್ಥೆಯೇ, ಮಹಿಳಾ ಕಾಲೇಜಲ್ಲ. ಕನ್ನಡ ಅಧ್ಯಾಪಕ ಚಿ. ಶ್ರೀನಿವಾಸರಾಜು ಅಲ್ಲಿನ ಸಂಘವನ್ನು ಪ್ರಕಾಶನ ಸಂಸ್ಥೆಯಾಗಿಯೇ ಬೆಳೆಸಿದರು. ನೂರಕ್ಕೂ ಹೆಚ್ಚು ಪುಸ್ತಕ ಬಂದವು, ಬೇಂದ್ರೆ ಹೆಸರಿನ ಕವನ ಸ್ಪರ್ಧೆ ನಾಡಿನ ಮೂಲೆಮೂಲೆಯ ವಿದ್ಯಾರ್ಥಿ ಕವಿಗಳನ್ನು ತಲುಪಿತು. ಕಾಲೇಜಿನ ಸಂಘವೊಂದು ನವೆಂಬರಿನ ಒಂದು ದಿನದ ಕಾರ್ಯಕ್ರಮಕ್ಕೆ ಮುಗಿಯಬೇಕಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಮ್ಮ ಮೂರು ಊರುಗಳಲ್ಲಿ ಸಂಘ ಕಟ್ಟಲು ಇರುವ ದೊಡ್ಡ ತೊಡಕು ಹಳ್ಳಿಯ ಬಸ್ಸು. ನಾಲ್ಕರ ನಂತರ ಸಭೆ ಎಂದರೆ ಊರಿಗೆ ಹೋಗುವ ಹುಡುಗಿ ಬರುವುದೇ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಟಿಕೆಟ್ಟಿನ ದುಡ್ಡು ಉಳಿದಿದೆ, ಆದರೆ ಬಸ್ಸಿನ ಹೊತ್ತು ಅವಳ ಕೈಯಲ್ಲಿಲ್ಲ. ಆದ್ದರಿಂದ ಸಂಘದ ಅವಧಿ ವೇಳಾಪಟ್ಟಿಯ ಒಳಗೇ ಬರಬೇಕು, ವಾರಕ್ಕೊಂದಾದರೂ. ಇನ್ನೊಂದು ತೊಡಕು ಅತಿಥಿಗಳದು. ಉದ್ಘಾಟನೆಗೆ ವೇದಿಕೆ ತುಂಬ ಗಣ್ಯರು, ಎರಡೂವರೆ ತಾಸು ಭಾಷಣ, ವಿದ್ಯಾರ್ಥಿನಿಗೆ ಸಿಗುವುದು ವಂದನಾರ್ಪಣೆಯ ಎರಡು ನಿಮಿಷ. ಇದು ಬದಲಾಗಲೇಬೇಕು.

ವಿಷಯಕ್ಕೆ ಇಲ್ಲಿ ಬರವಿಲ್ಲ. ಮಸ್ಕಿಯ ಬೆಟ್ಟದ ಶಾಸನ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ದೇವಾನಾಂಪ್ರಿಯ ಎಂಬ ಬಿರುದಿನ ದೊರೆ ಅಶೋಕನೇ ಎಂದು ಹೆಸರಿನಿಂದ ಖಚಿತಪಡಿಸಿದ್ದು ಅದೇ. ಇತಿಹಾಸ ಸಂಘದ ಹುಡುಗಿಯರು ಬ್ರಾಹ್ಮಿಯ ಕೆಲವು ಅಕ್ಷರ ಕಲಿತು ಪ್ರವಾಸಿಗರಿಗೆ ತೋರಿಸಬಹುದು. ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿ ಕೋಟೆಯಿದೆ, ಹೆಸರುವಾಸಿ ಮೊಹರಂ ಇದೆ, ಆದಿಲ್‌ಶಾಹಿ ಕಾಲದ ನಂಟಿನ ಹಳೆಯ ಕ್ಯಾಥೊಲಿಕ್ ಸಮುದಾಯವೂ ಇದೆ. ಸಿಂಧನೂರಿನ ಕಾಲುವೆ ಕೆಳಗಿನ ಭತ್ತದ ಸೀಮೆಯಲ್ಲಿ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ. ಅಲ್ಲಿನ ಅಜ್ಜಿಯರ ನೆನಪುಗಳನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ಆ ಮನೆಗಳ ಮೊಮ್ಮಕ್ಕಳಿಂದಲೇ ಆಗಬೇಕು.

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿವೆ. ಮೂರೂ ಊರಿನ ಕಾಲೇಜುಗಳು ಸರದಿಯ ಮೇಲೆ ಒಂದು ಚರ್ಚಾಸ್ಪರ್ಧೆ ನಡೆಸಿದರೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಊರು ಸೇರಬಹುದು. ತೀರ್ಪುಗಾರರಾಗಿ ಪಂಚಾಯಿತಿಯ ಹಾಲಿ, ಮಾಜಿ ಸದಸ್ಯೆಯರನ್ನು ಕರೆಯಲಿ. ಮೊದಲ ವರ್ಷದ ವಿಷಯವನ್ನು ಹುಡುಗಿಯರೇ ಠರಾವು ಮಾಡಿ ಆರಿಸಲಿ.