ಯಡ್ರಾಮಿ ಸೀಮೆಯ ಹವ್ಯಾಸಿ ಚಿತ್ರಕಾರರು: ಜಲವರ್ಣ ಮತ್ತು ಪೇಸ್ಟಲ್‌ಗಳ ನಿತ್ಯಾಭ್ಯಾಸ

ಅಂಗಳದ ರಂಗೋಲಿ, ಕಾರಹುಣ್ಣಿಮೆಯಂದು ಎತ್ತಿನ ಮೈಗೆ ಬಳಿಯುವ ಬಣ್ಣ, ಮಣ್ಣೆತ್ತಿನ ಅಮಾವಾಸ್ಯೆಯ ಮೂರ್ತಿಗಳು, ಕೆಮ್ಮಣ್ಣು ಸುಣ್ಣಗಳ ಗೋಡೆ ಚಿತ್ತಾರ ಇವೆಲ್ಲವನ್ನೂ ಜಾನಪದ ಅಧ್ಯಯನವು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಕಲಾಶಾಲೆಗಳಲ್ಲಿ ತರಬೇತಿ ಪಡೆದು ಪ್ರದರ್ಶನಗಳಲ್ಲಿ ಕಾಣಿಸಿಕೊಂಡವರನ್ನು ಕಲಾಚರಿತ್ರೆಯು ದಾಖಲಿಸುತ್ತ ಬಂದಿದೆ. ಈ ಎರಡರ ನಡುವೆ ಇರುವ ಒಬ್ಬ ವ್ಯಕ್ತಿ ಮಾತ್ರ ಯಾವ ಅಧ್ಯಯನಕ್ಕೂ ಸೇರದೆ ಉಳಿದಿದ್ದಾನೆ. ಶಾಲೆಯಲ್ಲಿ ಪಾಠ ಹೇಳಿಯೋ, ಅಂಗಡಿ ನಡೆಸಿಯೋ, ಹೊಲ ನೋಡಿಕೊಂಡೋ ಬದುಕುವ, ಆದರೆ ದಿನಕ್ಕೊಂದು ಹಾಳೆಯ ಮೇಲೆ ಬಣ್ಣ ಹಚ್ಚದೆ ಇರಲಾರದ ಹವ್ಯಾಸಿ ಅವನು. ಜೇವರ್ಗಿ ತಾಲ್ಲೂಕಿನಿಂದ ಬೇರ್ಪಟ್ಟು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಯಡ್ರಾಮಿ ಮತ್ತು ಅದರ ಸುತ್ತಣ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಇಂಥ ಅಭ್ಯಾಸದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಭಾಗದಲ್ಲಿ ಹವ್ಯಾಸಿಯ ಚಿತ್ರವೊಂದು ಆಧಾರವಾಗಿ ಉಳಿದುಬಂದ ನಿದರ್ಶನ ಹತ್ತೊಂಬತ್ತನೆಯ ಶತಮಾನದ್ದು. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ (1808–1876) 1840ರ ದಶಕದ ಆರಂಭದಿಂದ 1853ರವರೆಗೆ ನೆರೆಯ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಅವನು ಕಾದಂಬರಿಕಾರನೆಂದೇ ಹೆಸರಾದವನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂದು ಕರೆಯಿಸಿಕೊಳ್ಳುತ್ತದೆ. ಚಿತ್ರಕಲೆಯನ್ನು ಅವನು ಯಾವ ಶಾಲೆಯಲ್ಲಿಯೂ ಕಲಿತಿರಲಿಲ್ಲ. ಭೂಮಾಪನ, ಕಾನೂನು, ಭೂವಿಜ್ಞಾನಗಳನ್ನು ಸ್ವಂತ ಓದಿನಿಂದ ರೂಢಿಸಿಕೊಂಡಂತೆಯೇ ರೇಖೆಯನ್ನೂ ಬಣ್ಣವನ್ನೂ ರೂಢಿಸಿಕೊಂಡ. ಅವನ ರೇಖಾಚಿತ್ರಗಳನ್ನು ಆಧರಿಸಿದ ದಖನ್ನಿನ ದೃಶ್ಯಗಳ ಸಂಪುಟವೊಂದು 1837ರಲ್ಲಿಯೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಸುರಪುರಕ್ಕೆ ಬಂದ ಮೇಲೆ ಅವನ ಕಣ್ಣು ಇಲ್ಲಿನ ಬೃಹತ್ ಶಿಲಾ ಸಮಾಧಿಗಳ ಕಡೆಗೆ ತಿರುಗಿತು. ರಾಜನಕೋಳೂರು, ಹಗರಟಗಿ, ಶಹಾಪುರದ ಬಳಿಯ ವಿಭೂತಿಹಳ್ಳಿ, ಭೀಮಾತೀರದ ಫಿರೋಜಾಬಾದಿಗೆ ಸಮೀಪದ ಜೇವರ್ಗಿ ಈ ನೆಲೆಗಳನ್ನು ಅವನು ಅಳೆದು ಬರೆದುಕೊಂಡ. ಜೇವರ್ಗಿಯಲ್ಲಿ ಕೆಲವನ್ನು ಅಗೆದೂ ನೋಡಿದ. ಈ ಬರಹಗಳು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ 1850ರ ದಶಕದ ಆರಂಭದಲ್ಲಿಯೂ, ಹೆಚ್ಚು ವಿಸ್ತಾರವಾಗಿ 1862ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಪ್ರಕಟಗೊಂಡವು. ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯನ್ನು ಅಭ್ಯಸಿಸುವವರು ಈಗಲೂ ಅವುಗಳಿಂದಲೇ ಆರಂಭಿಸುತ್ತಾರೆ. ವಿಭೂತಿಹಳ್ಳಿಯ ಗುಂಡುಗಳ ಸಾಲು ಓರೆಗೆರೆಗಳಲ್ಲಿ ಹೇಗೆ ನಿಂತಿತ್ತೆಂಬುದನ್ನು ತಿಳಿಯಲು ಒಬ್ಬ ಹವ್ಯಾಸಿಯ ಕೈಬರಹ ಆಧಾರವಾಗಿರುವುದು ಸಾಮಾನ್ಯ ಸಂಗತಿಯಲ್ಲ.

ಟೇಲರನ ಹಾಳೆಗಳು ಉಳಿದದ್ದು ಅವುಗಳ ಕಲಾಗುಣದಿಂದಲ್ಲ. ಅಧಿಕಾರವೂ, ವಿದ್ವತ್ ಪತ್ರಿಕೆಯೂ, ಲಂಡನ್ನಿನ ಮುದ್ರಕನೂ ಅವನ ಬೆನ್ನಿಗಿದ್ದುದರಿಂದ. ಸಾಹೇಬನ ಹವ್ಯಾಸ ದಾಖಲೆಯಾಯಿತು, ಹಳ್ಳಿಯ ಮಾಸ್ತರನ ಹವ್ಯಾಸ ರದ್ದಿಗೆ ಹೋಗುತ್ತದೆ ಎನ್ನುವುದು ಕಟುವಾದ ಮಾತಾದರೂ ಸುಳ್ಳಲ್ಲ.

ನೀರಿನಲ್ಲಿ ಕದಡಿ ಹಚ್ಚುವ ಬಣ್ಣ ಈ ನೆಲಕ್ಕೆ ಪರಕೀಯವಾದುದೆಂದು ಭಾವಿಸಬೇಕಾಗಿಲ್ಲ. ನಾಯಕ ದೊರೆಗಳ ಆಶ್ರಯದಲ್ಲಿ ಬೆಳೆದ ಸುರಪುರದ ಕಿರುಚಿತ್ರಗಳು ವರ್ಣದ್ರವ್ಯಕ್ಕೆ ಅಂಟು ಕೂಡಿಸಿ ನೀರಿನಲ್ಲಿ ಹದಗೊಳಿಸಿದ ಬಣ್ಣದವೇ. ಇಂದು ಅಂಗಡಿಯಲ್ಲಿ ಸಿಗುವ ಜಲವರ್ಣದ ಬಿಲ್ಲೆಯೂ ಕೊಳವೆಯೂ ಮೂಲತಃ ಅದೇ ಪಾಕ: ನುಣ್ಣಗೆ ಅರೆದ ವರ್ಣದ್ರವ್ಯ, ಜಾಲಿಯ ಜಾತಿಯ ಮರದ ಅಂಟು, ಒಣಗಿ ಬಿರಿಯದಂತೆ ಸ್ವಲ್ಪ ಗ್ಲಿಸರಿನ್ ಅಥವಾ ಜೇನು. ವ್ಯತ್ಯಾಸವಿರುವುದು ಬೆಳಕನ್ನು ಎಲ್ಲಿಂದ ತರಬೇಕು ಎಂಬಲ್ಲಿ. ಕಿರುಚಿತ್ರಕಾರ ಬಿಳಿಯನ್ನು ಹಚ್ಚುತ್ತಾನೆ. ಪಾರದರ್ಶಕ ಜಲವರ್ಣದವನು ಬಿಳಿಯನ್ನು ಬಿಡುತ್ತಾನೆ. ಸುಣ್ಣ ಹೊಡೆದ ಗೋಡೆ, ಬಿಸಿಲು ಬಿದ್ದ ಶಹಾಬಾದ್ ಕಲ್ಲಿನ ಕಟ್ಟೆ, ಜಾತ್ರೆಗೆ ಹೊರಟವರ ಧೋತರ ಇವೆಲ್ಲ ಹಾಳೆಯ ಮೇಲೆ ಮುಟ್ಟದೆ ಉಳಿಸಿದ ಜಾಗಗಳು. ಒಮ್ಮೆ ಮುಚ್ಚಿದರೆ ಮರಳಿ ಬಾರದ ಬಿಳಿ ಅದು. ಆದ್ದರಿಂದ ಏನನ್ನು ಬರೆಯಬಾರದೆಂಬ ನಿರ್ಧಾರ ಕುಂಚ ಅದ್ದುವ ಮೊದಲೇ ಆಗಿರಬೇಕಾಗುತ್ತದೆ.

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಜಲವರ್ಣದ ಪಠ್ಯಗಳೆಲ್ಲ ತಂಪು ನಾಡಿನಲ್ಲಿ ಬರೆದವು. ಆಕಾಶಕ್ಕೆ ತೆಳುವಾಗಿ ವಾಶ್ ಎಳೆದು, ಅದು ಹಸಿಯಿರುವಾಗಲೇ ಮೋಡವನ್ನು ಇಳಿಸಬೇಕೆಂದು ಅವು ಹೇಳುತ್ತವೆ. ಯಡ್ರಾಮಿಯ ಬಯಲಿನಲ್ಲಿ ಹಾಳೆಯ ಬಲತುದಿಗೆ ಕುಂಚ ತಲುಪುವಷ್ಟರಲ್ಲಿ ಎಡತುದಿ ಒಣಗಿ ಗೆರೆಗಟ್ಟಿರುತ್ತದೆ. ಇಂಥಲ್ಲಿ ಅಭ್ಯಾಸಿಗೆ ಇರುವ ಉಪಾಯಗಳು ಕೆಲವೇ. ಬೆಳಗಿನ ಮೊದಲ ತಾಸನ್ನು ಬಳಸುವುದು, ಹಾಳೆಯ ಅಡಿಗೆ ಒದ್ದೆ ಬಟ್ಟೆ ಹಾಸುವುದು, ನೀರಿಗೆ ಎರಡು ಹನಿ ಗ್ಲಿಸರಿನ್ ಬೆರೆಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಚಿತ್ರವನ್ನು ಅಂಗೈಯಗಲಕ್ಕೆ ಚಿಕ್ಕದು ಮಾಡಿಕೊಳ್ಳುವುದು. ಹವ್ಯಾಸಿಯ ಹಾಳೆ ಚಿಕ್ಕದಾಗಿರುವುದಕ್ಕೆ ಹಣದ ಅಡಚಣೆಯೊಂದೇ ಕಾರಣವೆಂದು ತಿಳಿಯುವುದು ಅವಸರದ ತೀರ್ಮಾನ. ಹಣದ ಮಾತೂ ಇದೆಯೆನ್ನಿ: ಚದರ ಮೀಟರಿಗೆ 300 ಗ್ರಾಂ ತೂಗುವ ಹತ್ತಿಯ ಕಾಗದ ದುಬಾರಿ, ಶಾಲೆಯ ಡ್ರಾಯಿಂಗ್ ಶೀಟು ಅಗ್ಗ, ಆದರೆ ನೀರು ಬಿದ್ದೊಡನೆ ಅದು ಸುರುಟಿಕೊಳ್ಳುತ್ತದೆ.

ಎರೆಭೂಮಿಯ ಕಪ್ಪನ್ನು ಕೊಳವೆಯ ಕಪ್ಪಿನಿಂದ ಬರೆದರೆ ಅದು ಮಸಿಯಾಗಿ ಕಾಣುತ್ತದೆಯೇ ಹೊರತು ನೆಲವಾಗುವುದಿಲ್ಲ. ಅಲ್ಟ್ರಾಮರೀನ್ ನೀಲಿಯೊಂದಿಗೆ ಬರ್ನ್ಟ್ ಸಿಯೆನ್ನಾ ಕಂದು ಕೂಡಿದಾಗ ಹುಟ್ಟುವ ಕಪ್ಪು, ಮಳೆಯ ನಂತರದ ಹೊಲಕ್ಕೆ ನೀಲಿಯ ಕಡೆಗೂ, ಬೇಸಿಗೆಯ ಬಿರುಕು ಬಿಟ್ಟ ಹೊಲಕ್ಕೆ ಕಂದಿನ ಕಡೆಗೂ ವಾಲಬಲ್ಲದು. ಒಂದೇ ಹೊಲವನ್ನು ವರ್ಷವಿಡೀ ಬರೆಯುವವನಿಗೆ ಈ ಎರಡು ಬಣ್ಣಗಳ ಪ್ರಮಾಣವೇ ಪಂಚಾಂಗ. ಮುಂಗಾರಿನ ಹಸಿರು, ಹೂವಾದಾಗಿನ ತೊಗರಿ, ಎಳ್ಳಮಾವಾಸ್ಯೆಯ ಹೊತ್ತಿನ ಹಿಂಗಾರಿ ಜೋಳ, ಕುಸುಬಿಯ ಕೇಸರಿ, ಕೊಯ್ದ ಮೇಲಿನ ಕೂಳೆ ಇವುಗಳ ಸರದಿ ಹಾಳೆಯಿಂದ ಹಾಳೆಗೆ ತಾನಾಗಿ ದಾಖಲಾಗುತ್ತ ಹೋಗುತ್ತದೆ. ಬೆಂಗಳೂರಿನ ಹೂಮರಗಳನ್ನು ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಬರೆದ ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯ (1910–1988) ಅವರ ಕೃತಿಗಳನ್ನು ನೋಡುವವರು ಅಲ್ಲಿ ಕಲೆಯೊಂದಿಗೆ ಒಂದು ನಗರದ ಹಳೆಯ ನೆರಳನ್ನೂ ಕಾಣುತ್ತಾರೆ. ಬಿಸಿಲ ಸೀಮೆಯ ಹೊಲಗಳಿಗೂ ಅಂಥ ಸಾಕ್ಷಿ ಬೇಕು.

ಪೇಸ್ಟಲ್‌ನ ಸ್ವಭಾವ ಬೇರೆ. ವರ್ಣದ್ರವ್ಯಕ್ಕೆ ಅತ್ಯಲ್ಪ ಅಂಟು ಸೇರಿಸಿ ಕಡ್ಡಿಯಾಗಿಸಿದ ಮೃದು ಪೇಸ್ಟಲ್‌ಗೆ ನೀರಿನ ಹಂಗಿಲ್ಲ, ಒಣಗುವ ಆತಂಕವೂ ಇಲ್ಲ. ಮಧ್ಯಾಹ್ನದ ಬಿಡುವಿಗೆ ಅದು ಒಗ್ಗುತ್ತದೆ. ಆದರೆ ಬಯಲಿನ ಗಾಳಿಗೆ ಪುಡಿ ಉದುರುತ್ತದೆ, ಬೆರಳು ತಗುಲಿದರೆ ಅಳಿಯುತ್ತದೆ. ಮೇಣ ಮತ್ತು ಎಣ್ಣೆಯಿಂದಾದ ಆಯಿಲ್ ಪೇಸ್ಟಲ್ 1920ರ ದಶಕದಲ್ಲಿ ಜಪಾನಿನಲ್ಲಿ ಶಾಲಾಮಕ್ಕಳಿಗಾಗಿ ರೂಪುಗೊಂಡದ್ದು. ಹಳ್ಳಿಯ ಪುಸ್ತಕದಂಗಡಿಯಲ್ಲಿಯೂ ಸಿಗುವುದರಿಂದ ಹವ್ಯಾಸಿಗಳಿಗೆ ಹತ್ತಿರವಾದದ್ದು ಇದೇ. ಬೇಸಿಗೆಯಲ್ಲಿ ಕಡ್ಡಿ ಮೆತ್ತಗಾಗಿ ಬಣ್ಣ ಮೆತ್ತಿಕೊಳ್ಳುವ ತೊಂದರೆಯೊಂದುಂಟು, ನೆರಳಿನಲ್ಲಿಟ್ಟರೆ ಸರಿಹೋಗುತ್ತದೆ. ಎರಡೂ ಮಾಧ್ಯಮಗಳು ಸೇರುವ ಒಂದು ವಿಧಾನ ತೊಗರಿಯ ಹೊಲಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲು ಹಳದಿ ಆಯಿಲ್ ಪೇಸ್ಟಲ್‌ನಿಂದ ಹೂಗಳ ಚುಕ್ಕೆಗಳನ್ನು ಒತ್ತಿ, ಮೇಲೆ ಹಸಿರಿನ ವಾಶ್ ಹರಿಸಿದರೆ ಮೇಣವು ನೀರನ್ನು ದೂಡುತ್ತದೆ. ಹೂವು ಹಸಿರಿನೊಳಗಿಂದ ಎದ್ದು ನಿಲ್ಲುತ್ತದೆ. ಸಾವಿರ ಚುಕ್ಕೆಗಳ ಸುತ್ತ ಹಸಿರು ತುಂಬುವ ಶ್ರಮ ತಪ್ಪುತ್ತದೆ.

ಕಲಿಕೆಯ ದಾರಿಗಳ ಬಗ್ಗೆ ಒಂದೆರಡು ಮಾತು ಸಾಕು. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಅವರು ಅಪಾರದರ್ಶಕ ಜಲವರ್ಣವಾದ ಗ್ವಾಶ್‌ನಲ್ಲಿ ಬರೆದ ಚಿತ್ರಪಟಗಳೂ ಪೌರಾಣಿಕ ಚಿತ್ರಗಳೂ ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆಗೆ ಬಂದವು. ಕ್ಯಾಲೆಂಡರಿನ ಮೇಲೆ ಚೌಕಳಿ ಎಳೆದು ದೇವರನ್ನು ದೊಡ್ಡದು ಮಾಡುವುದು ಹಲವರ ಮೊದಲ ಪಾಠ. ಶಾಲೆಯ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳು ಇನ್ನೊಂದು ಮೆಟ್ಟಿಲು. ವಿ.ಜಿ. ಅಂದಾನಿ, ಜೆ.ಎಸ್. ಖಂಡೇರಾವ್ ಅವರಂಥ ಕಲಾವಿದರು ಕಲಬುರಗಿಯಲ್ಲಿ ಕಟ್ಟಿದ ಕಲಾಶಾಲೆಗಳು ಮೂರನೆಯದು. ಅಲ್ಲಿಗೆ ತಲುಪಿದವರು ಹವ್ಯಾಸಿಗಳಾಗಿ ಉಳಿಯುವುದು ಕಡಿಮೆ. ಕ್ಯಾಲೆಂಡರಿನ ದೇವರನ್ನು ಬಿಟ್ಟು ಕಣ್ಣೆದುರಿನ ಹೊಲಕ್ಕೆ ತಿರುಗುವ ಗಳಿಗೆಯೇ ನಿತ್ಯಾಭ್ಯಾಸದ ನಿಜವಾದ ಆರಂಭ. ರಂಗೋಲಿ ಹಾಕುವವಳು ನಿನ್ನೆಯದನ್ನು ಗುಡಿಸಿಯೇ ಇಂದಿನದನ್ನು ಬರೆಯುತ್ತಾಳೆ. ದಿನದಿನದ ಹಾಳೆಯವನ ಮನೋಧರ್ಮವೂ ಅದಕ್ಕೆ ಸಮೀಪವಾದುದು. ಮಾಡಿದ್ದಕ್ಕಿಂತ ಮಾಡುವುದು ಅವನಿಗೆ ಮುಖ್ಯ, ಹಾಳೆ ಪೆಟ್ಟಿಗೆಯ ತಳ ಸೇರುತ್ತದೆ.

ಸಂಶೋಧಕರಿಗೆ ಸಮಸ್ಯೆ ಎದುರಾಗುವುದು ಇಲ್ಲಿಯೇ. ರಂಗೋಲಿಯ ವಿನ್ಯಾಸ ಅಳಿದರೂ ಮರುದಿನ ಇನ್ನೊಂದು ಅಂಗಳದಲ್ಲಿ ಮರುಹುಟ್ಟು ಪಡೆಯುತ್ತದೆ, ಏಕೆಂದರೆ ಅದು ಪರಂಪರೆಯ ನೆನಪಿನಲ್ಲಿದೆ. ಒಬ್ಬ ವ್ಯಕ್ತಿ ಒಂದು ದಿನ ಕಂಡ ಹೊಲಕ್ಕೆ ಅಂಥ ಮರುಹುಟ್ಟಿಲ್ಲ. ಅಗ್ಗದ ಕಾಗದ ಮರದ ತಿರುಳಿನ ಆಮ್ಲದಿಂದ ಹಳದಿಗಟ್ಟಿ ಪುಡಿಯಾಗುತ್ತದೆ. ಕ್ರಿಮ್ಸನ್‌ನಂಥ ಕೆಲವು ಕೆಂಪುಗಳು ಬೆಳಕಿಗೆ ಮಾಸುತ್ತವೆ; ಓಕರ್, ಸಿಯೆನ್ನಾ ಮೊದಲಾದ ಮಣ್ಣಿನ ಬಣ್ಣಗಳು ಮಾತ್ರ ಸ್ಥಿರವಾಗಿ ಉಳಿಯುತ್ತವೆ. ಮಳೆಗಾಲದ ಬೂಷ್ಟು, ಗೆದ್ದಲು, ಕೊನೆಗೆ ಮನೆ ಬದಲಾಯಿಸುವಾಗಿನ ರದ್ದಿಯವ ಇವರ ಕೈ ದಾಟಿ ಬಂದದ್ದೇ ಉಳಿದದ್ದು.

ರಾಜ್ಯದ ಲಲಿತಕಲಾ ಅಕಾಡೆಮಿಯಾಗಲಿ ಜಾನಪದ ಅಕಾಡೆಮಿಯಾಗಲಿ ಈ ಸಾಮಗ್ರಿಯನ್ನು ತನ್ನದೆಂದು ಭಾವಿಸಿ ಸಂಗ್ರಹಿಸುವುದು ಅಗತ್ಯ. ಅದಕ್ಕೆ ದೊಡ್ಡ ವೆಚ್ಚವೇನೂ ಬೇಡ. ಕ್ಷೇತ್ರಕಾರ್ಯಕ್ಕೆ ಹೋದವರು ಹಾಡು, ಗಾದೆಗಳೊಂದಿಗೆ ಇಂಥ ಪೆಟ್ಟಿಗೆಗಳನ್ನೂ ಕೇಳಿ ನೋಡಬೇಕು. ಆಯ್ಕೆ ಮಾಡದೆ ಪೂರ್ಣ ಸರಣಿಯ ಛಾಯಾಪ್ರತಿ ತೆಗೆಯಬೇಕು, ಏಕೆಂದರೆ ಚೆಂದದ ನಾಲ್ಕನ್ನು ಆರಿಸಿಕೊಂಡರೆ ಋತುಗಳ ಸರದಿಯೇ ಕಡಿದುಹೋಗುತ್ತದೆ. ಮೂಲ ಹಾಳೆಗಳನ್ನು ಆಮ್ಲರಹಿತ ಕಾಗದದ ನಡುವೆ, ಪೇಸ್ಟಲ್‌ಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಕಟ್ಟಿನಲ್ಲಿಡಬೇಕು. ಬರೆದವರು ಬದುಕಿರುವಾಗಲೇ ಪ್ರತಿ ಹಾಳೆಯ ಬೆನ್ನಿಗೆ ತಾರೀಖು, ಹೊತ್ತು, ಹೊಲದ ಹೆಸರು, ಬೆಳೆ, ಬಳಸಿದ ಬಣ್ಣ ಇಷ್ಟನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿಸಿಕೊಳ್ಳಬೇಕು. ಶಾಯಿ ಮುಂಬದಿಗೆ ಇಳಿಯುತ್ತದೆ.