ಸೂರಕ್ಕಿ: ನೆಲೆ, ಗೂಡು ಮತ್ತು ಆಹಾರ

ದಕ್ಷಿಣ ಭಾರತ ಹಾಗೂ ಶ್ರೀಲಂಕಾದ ಕುರುಚಲು ಕಾಡು, ತೋಟ, ಮನೆಯಂಗಳಗಳಲ್ಲಿ ಕಂಡುಬರುವ ನೇರಳೆ ಪೃಷ್ಠದ ಸೂರಕ್ಕಿಯನ್ನು (ಲೆಪ್ಟೊಕೋಮ ಝೈಲೋನಿಕ) ಲಿನೇಯಸ್ 1766ರಲ್ಲಿ ವರ್ಣಿಸಿದನು. ಗಂಡಿಗೆ ಹೊಳೆಯುವ ಹಸಿರು ನೆತ್ತಿ, ನೇರಳೆ ಕೊರಳು, ಹಳದಿ ಉದರವಿದ್ದು, ಹೆಣ್ಣು ಮಾಸಲು ಬಣ್ಣದ್ದು. ಬಾಗಿದ ಕೊಕ್ಕಿನಿಂದ ಮಕರಂದ ಹೀರುವ ಇದನ್ನು ಕೇವಲ ಹೂವಿನ ಹಕ್ಕಿಯೆಂದು ಪರಿಗಣಿಸುವುದು ವಾಡಿಕೆ. ಆದರೆ ಇದರ ಸಂತಾನಾಭಿವೃದ್ಧಿಯು ಜೇಡಗಳನ್ನೂ ಅವಲಂಬಿಸಿದೆ. ಹೆಣ್ಣು ನಾರು, ತೊಗಟೆಯ ಚೂರುಗಳನ್ನು ಜೇಡರಬಲೆಯ ಎಳೆಗಳಿಂದ ಬಿಗಿದು, ಕೊಂಬೆಯ ತುದಿಯಲ್ಲಿ ತೂಗುವ ಚೀಲದಂತಹ ಗೂಡನ್ನು ಕಟ್ಟುತ್ತದೆ. ಸಾಮಾನ್ಯವಾಗಿ 2 ಮೊಟ್ಟೆಗಳಿರುತ್ತವೆ. ಕಾವು ಕೊಡುವುದು ಮುಖ್ಯವಾಗಿ ಹೆಣ್ಣು. ಮರಿಗಳಿಗೆ ಗಂಡು ಹೆಣ್ಣುಗಳೆರಡೂ ಕೀಟ, ಜೇಡಗಳನ್ನು ಉಣಿಸುತ್ತವೆ. ಆದ್ದರಿಂದ ಸೂರಕ್ಕಿಯ ಸಂರಕ್ಷಣೆಗೆ ಹೂಗಿಡಗಳನ್ನು ಬೆಳೆಸುವುದಷ್ಟೇ ಸಾಲದು; ಕೀಟನಾಶಕಗಳ ಬಳಕೆಯನ್ನು ತಗ್ಗಿಸಿ ಜೇಡಗಳನ್ನೂ ಉಳಿಸಿಕೊಳ್ಳುವುದು ಅಗತ್ಯ.